ಎಲುಬಿನ ಜಗಳ ಮತ್ತು ನಮ್ಮೂರ ಕಲ್ಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಡಾಬಕಾದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಬಗ್ಗೆ, ನೌಕರಿಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ನನ್ನನ್ನು ಕರೆದಿದ್ದಾರೆ. ನಾನು ಭಾಲ್ಕಿಯಲ್ಲಿ ಪಿಯುಸಿ ಓದಿ, ಬೀದರಿನಲ್ಲಿ ಬಿ.ಇ. ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಅದರ ಬಗ್ಗೆ ಇಷ್ಟು ಸಾಕು. ಕಂಪ್ಯೂಟರಿನ ವಿಷಯ ನಿಮ್ಮ ಕೈಯಲ್ಲಿರುವ ಮೊಬೈಲೇ ಹೇಳುತ್ತದೆ. ಇವತ್ತು ನಾನು ಒಂದು ಜಗಳದ ಕತೆ ಹೇಳುತ್ತೇನೆ. ಅದು ಅಮೆರಿಕದಲ್ಲಿ ನಡೆದದ್ದು. ಕೊನೆಗೆ ಅದು ನಮ್ಮ ಶಾಲೆಗೂ ಬಂದು ಮುಟ್ಟುತ್ತದೆ. ಹೇಗೆ ಎಂಬುದನ್ನು ಹೇಳಲು ನನಗೆ ಇಷ್ಟು ವರ್ಷ ಧೈರ್ಯ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ನನ್ನನ್ನು ಮೂರು ತಿಂಗಳು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಕಳಿಸಿದ್ದರು. ರವಿವಾರ ರೂಮಿನಲ್ಲಿ ಕುಳಿತರೆ ಊರು ನೆನಪಾಗುತ್ತಿತ್ತು. ಒಂದು ರವಿವಾರ ಜೊತೆಯವರು ಮಾರಿಸನ್ ಎಂಬ ಸಣ್ಣ ಊರಿನ ಹತ್ತಿರದ ಗುಡ್ಡಕ್ಕೆ ಕರೆದುಕೊಂಡು ಹೋದರು. ಅದರ ಹೆಸರು ಡೈನೋಸಾರ್ ರಿಜ್. ಗುಡ್ಡದ ಒಂದು ಮಗ್ಗುಲಲ್ಲಿ ಬಂಡೆಯ ಮೇಲೆ ಡೈನೋಸಾರ್ ಹೆಜ್ಜೆಗಳಿವೆ. ಇನ್ನೊಂದು ಮಗ್ಗುಲಲ್ಲಿ ಸುಮಾರು 15 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಕಂದು ಬಣ್ಣದ ಎಲುಬುಗಳು ಹಾಗೆಯೇ ಹುದುಗಿವೆ. ಮುಟ್ಟಿ ನೋಡಬಹುದು. ನಾನೂ ಮುಟ್ಟಿದೆ. ನಮ್ಮ ಹೊಲದ ಬದುವಿನ ಕಲ್ಲು ಮುಟ್ಟಿದಂತೆಯೇ ಇತ್ತು, ಬಿಸಿಲಿಗೆ ಕಾದಿತ್ತು.

ಈ ಎಲುಬುಗಳನ್ನು ಮೊದಲು ಕಂಡವರು ಯಾರು ಎಂದು ಕೇಳಿದೆ. ಒಬ್ಬ ಶಾಲಾ ಮಾಸ್ತರು ಎಂದರು. ಅಲ್ಲಿಂದ ನನಗೆ ಈ ಕತೆಯ ಹುಚ್ಚು ಹಿಡಿಯಿತು. ಆ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಕತೆಯಲ್ಲಿ ಇಬ್ಬರು ಮುಖ್ಯರು. ಒಬ್ಬರು ಓತ್ನಿಯೆಲ್ ಚಾರ್ಲ್ಸ್ ಮಾರ್ಷ್, 1831ರಲ್ಲಿ ಹುಟ್ಟಿದವರು. ಅವರ ಸೋದರಮಾವ ಜಾರ್ಜ್ ಪೀಬಾಡಿ ದೊಡ್ಡ ಸಾಹುಕಾರ. ಆ ಮಾವನ ಹಣದಿಂದ 1866ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು, ಅಳಿಯ ಅಲ್ಲಿ ಪ್ರೊಫೆಸರ್ ಆದರು. ಇನ್ನೊಬ್ಬರು ಎಡ್ವರ್ಡ್ ಡ್ರಿಂಕರ್ ಕೋಪ್, 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಅವರದೂ ಅನುಕೂಲಸ್ಥ ಮನೆತನ. ಮಾರ್ಷ್ ನಿಧಾನ, ಲೆಕ್ಕಾಚಾರದ ಮನುಷ್ಯ. ಕೋಪ್ ಬಿರುಗಾಳಿ, ಜೀವಮಾನದಲ್ಲಿ ಸುಮಾರು 1,400 ಲೇಖನ ಬರೆದವರು.

ಮೊದಲು ಅವರು ಗೆಳೆಯರಾಗಿದ್ದರು. ಭೇಟಿಯಾದದ್ದು ಜರ್ಮನಿಯ ಬರ್ಲಿನ್ನಿನಲ್ಲಿ. ಊರಿಗೆ ಮರಳಿದ ಮೇಲೆ ಕೋಪ್ ಒಂದು ಪಳೆಯುಳಿಕೆಗೆ ಮಾರ್ಷ್ ಹೆಸರಿಟ್ಟರು, ಮಾರ್ಷ್ ಇನ್ನೊಂದಕ್ಕೆ ಕೋಪ್ ಹೆಸರಿಟ್ಟರು. 1868ರಲ್ಲಿ ಕೋಪ್ ತಮ್ಮ ಗೆಳೆಯನನ್ನು ನ್ಯೂಜರ್ಸಿಯ ಹ್ಯಾಡನ್‌ಫೀಲ್ಡ್ ಹತ್ತಿರದ ಮಣ್ಣಿನ ಗಣಿಗಳಿಗೆ ಕರೆದುಕೊಂಡು ಹೋದರು. ಅವರಿಗೆ ಎಲುಬು ಸಿಗುತ್ತಿದ್ದ ಜಾಗ ಅದು. ನಂಬಿ ತೋರಿಸಿದರು. ಮಾರ್ಷ್ ಏನು ಮಾಡಿದರು ಗೊತ್ತೇ? ಹಿಂದಿನಿಂದ ಗಣಿಯವರಿಗೆ ಹಣ ಕೊಟ್ಟು, ಇನ್ನು ಮೇಲೆ ಸಿಕ್ಕಿದ ಎಲುಬು ನನಗೇ ಕಳಿಸಿ ಎಂದು ಒಪ್ಪಂದ ಮಾಡಿಕೊಂಡರು.

ಎರಡನೆಯ ಏಟು ಬಿದ್ದದ್ದು ಒಂದು ತಲೆಯ ವಿಷಯದಲ್ಲಿ. ಕಾನ್ಸಾಸ್‌ನಿಂದ ಬಂದ ಸಮುದ್ರದ ದೊಡ್ಡ ಸರೀಸೃಪವೊಂದರ ಎಲುಬುಗಳನ್ನು ಕೋಪ್ ಜೋಡಿಸಿ, ಎಲಾಸ್ಮೊಸಾರಸ್ ಎಂದು ಹೆಸರಿಟ್ಟರು. ಅದರ ಕುತ್ತಿಗೆ ಬಹಳ ಉದ್ದ. ಕೋಪ್ ಅದನ್ನೇ ಬಾಲ ಎಂದು ತಿಳಿದು, ತಲೆಯನ್ನು ಬಾಲದ ತುದಿಗೆ ಕೂರಿಸಿದರು. ತಪ್ಪನ್ನು ತೋರಿಸಿಕೊಟ್ಟವರು ಜೋಸೆಫ್ ಲೀಡಿ ಎಂಬ ಹಿರಿಯ ವಿಜ್ಞಾನಿ. ನಾಚಿಕೆಯಾದ ಕೋಪ್ ಅಚ್ಚಾಗಿ ಹೋಗಿದ್ದ ಪ್ರತಿಗಳನ್ನೆಲ್ಲ ಮರಳಿ ಕೊಂಡು ಮುಚ್ಚಿಹಾಕಲು ನೋಡಿದರು. ಮಾರ್ಷ್ ತಮ್ಮ ಪ್ರತಿಯನ್ನು ಕೊಡಲಿಲ್ಲ. ಇಪ್ಪತ್ತು ವರ್ಷ ಆ ಮಾತನ್ನು ಕೋಪ್‌ಗೆ ಮರೆಯಲೂ ಬಿಡಲಿಲ್ಲ.

ಮುಂದೆ ರೈಲು ಹಳಿ ಪಶ್ಚಿಮಕ್ಕೆ ಹೋದಂತೆ ಜಗಳವೂ ಹೋಯಿತು. ಒಂದು ಮಾತು ಇಲ್ಲಿ ಹೇಳಲೇಬೇಕು. ಆ ನೆಲ ಖಾಲಿ ಇರಲಿಲ್ಲ. ಲಕೋಟಾ ಮತ್ತು ಇತರ ಮೂಲನಿವಾಸಿಗಳ ನೆಲ ಅದು. ಲಕೋಟಾ ನಾಯಕ ರೆಡ್ ಕ್ಲೌಡ್, ಸರ್ಕಾರದ ಏಜೆಂಟರು ತಮ್ಮ ಜನರಿಗೆ ಕೊಡುವ ಕೆಟ್ಟ ರೇಷನ್ನಿನ ಬಗ್ಗೆ ಮಾರ್ಷ್ ಮುಂದೆ ದೂರಿದರು. ಮಾರ್ಷ್ 1875ರಲ್ಲಿ ಆ ದೂರನ್ನು ವಾಷಿಂಗ್ಟನ್ನಿಗೆ ಒಯ್ದು ಗಟ್ಟಿಯಾಗಿ ಮಾತಾಡಿದರು. ಗೆಳೆಯನಿಗೆ ಮೋಸ ಮಾಡಿದ ಮನುಷ್ಯನೇ ಇನ್ನೊಂದು ಕಡೆ ಕೊಟ್ಟ ಮಾತು ಉಳಿಸಿಕೊಂಡ. ಮನುಷ್ಯರು ಹೀಗೇ ಇರುತ್ತಾರೆ, ಪೂರ್ತಿ ಕರಿಯೂ ಅಲ್ಲ, ಪೂರ್ತಿ ಬಿಳಿಯೂ ಅಲ್ಲ.

ಈಗ ಮಾಸ್ತರರ ವಿಷಯಕ್ಕೆ ಬರುತ್ತೇನೆ. 1877ರ ಮಾರ್ಚ್. ಗೋಲ್ಡನ್ ಎಂಬ ಊರಿನಲ್ಲಿ ಪಾಠ ಹೇಳುತ್ತಿದ್ದ ಆರ್ಥರ್ ಲೇಕ್ಸ್ ಎಂಬ ಮಾಸ್ತರರು ಗೆಳೆಯರೊಬ್ಬರ ಜೊತೆ ಮಾರಿಸನ್ ಗುಡ್ಡದಲ್ಲಿ ಅಡ್ಡಾಡುವಾಗ ಕಲ್ಲಿನಲ್ಲಿ ಭಾರೀ ಬೆನ್ನೆಲುಬೊಂದನ್ನು ಕಂಡರು. ಮಾರ್ಷ್‌ಗೆ ಪತ್ರ ಬರೆದರು, ಎಲುಬುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದರು. ಮಾರ್ಷ್ ಬೇಗ ಉತ್ತರ ಕೊಡಲಿಲ್ಲ. ಹಾಗಾಗಿ ಲೇಕ್ಸ್ ಕೆಲವು ಎಲುಬುಗಳನ್ನು ಕೋಪ್‌ಗೂ ಕಳಿಸಿದರು. ಆ ಸುದ್ದಿ ತಿಳಿದ ಕೂಡಲೇ ಮಾರ್ಷ್ ಎದ್ದು ಕುಳಿತರು. 100 ಡಾಲರ್ ಕಳಿಸಿ, ಈ ಜಾಗ ಯಾರಿಗೂ ಹೇಳಬೇಡಿ ಎಂದರು. ಕೋಪ್ ಕೈಗೆ ಬಂದಿದ್ದ ಎಲುಬುಗಳನ್ನೂ ಮಾರ್ಷ್‌ಗೆ ಕೊಡಬೇಕಾಯಿತು.

ಅದೇ ವರ್ಷ ಕೊಲೊರಾಡೊದ ಇನ್ನೊಂದು ಊರು ಕ್ಯಾನಿಯನ್ ಸಿಟಿಯ ಹತ್ತಿರ ಓರಮೆಲ್ ಲೂಕಸ್ ಎಂಬವರಿಗೆ ಎಲುಬು ಸಿಕ್ಕವು. ಅವರೂ ಶಾಲಾ ಶಿಕ್ಷಕರೇ. ಅವರು ಕೋಪ್‌ಗೆ ಬರೆದರು. ಮೂರನೆಯ ಜಾಗ ವಯೋಮಿಂಗಿನ ಕೋಮೊ ಬ್ಲಫ್. ಅಲ್ಲಿ ಕಂಡವರು ರೈಲ್ವೆಯಲ್ಲಿ ಕೆಲಸ ಮಾಡುವ ಇಬ್ಬರು, ವಿಲಿಯಂ ರೀಡ್ ಮತ್ತು ವಿಲಿಯಂ ಕಾರ್ಲಿನ್. ಜಾಗ ಯಾರಿಗೂ ಗೊತ್ತಾಗಬಾರದೆಂದು ಅವರು ಹಾರ್ಲೋ, ಎಡ್ವರ್ಡ್ಸ್ ಎಂಬ ಸುಳ್ಳು ಹೆಸರಿನಿಂದ ಮಾರ್ಷ್‌ಗೆ ಪತ್ರ ಬರೆದರು. ಮಾರ್ಷ್ ಆ ಹೆಸರಿಗೇ ಚೆಕ್ ಬರೆದು ಕಳಿಸಿದರು. ಬ್ಯಾಂಕಿನಲ್ಲಿ ಅದು ನಗದಾಗಲಿಲ್ಲ! ಮುಂದೆ ಆ ಇಬ್ಬರು ಗೆಳೆಯರೂ ಬೇರೆಯಾದರು. ರೀಡ್ ಮಾರ್ಷ್ ಕಡೆ ಉಳಿದರೆ, ಕಾರ್ಲಿನ್ ಕೋಪ್ ಕಡೆ ಹೋದರು. ದೊಡ್ಡವರ ಜಗಳ ದುಡಿಯುವವರ ಮನೆಗೂ ಬಂತು.

ಮಕ್ಕಳೇ, ನಿಮ್ಮ ಚಿತ್ರದ ಪುಸ್ತಕದಲ್ಲಿರುವ ಸ್ಟೆಗೊಸಾರಸ್, ಆಲೊಸಾರಸ್, ಡಿಪ್ಲೊಡೊಕಸ್, ಟ್ರೈಸೆರಟಾಪ್ಸ್ ಇವೆಲ್ಲ ಮಾರ್ಷ್ ಇಟ್ಟ ಹೆಸರುಗಳು. ಕ್ಯಾಮರಸಾರಸ್ ಕೋಪ್ ಇಟ್ಟದ್ದು. ಇಬ್ಬರೂ ಸೇರಿ 130ಕ್ಕೂ ಹೆಚ್ಚು ಡೈನೋಸಾರ್ ಹೆಸರುಗಳನ್ನು ಬರೆದರು. ಅವುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಯಾಕೆಂದರೆ ಆತುರ. ಇನ್ನೊಬ್ಬ ಬರೆಯುವುದರೊಳಗೆ ನಾನು ಬರೆಯಬೇಕು ಎಂಬ ಆತುರ. ಮಾರ್ಷ್ 1877ರಲ್ಲಿ ಒಂದಕ್ಕೆ ಅಪಾಟೊಸಾರಸ್ ಎಂದರು, 1879ರಲ್ಲಿ ಇನ್ನೊಂದಕ್ಕೆ ಬ್ರಾಂಟೊಸಾರಸ್ ಎಂದರು. 1903ರಲ್ಲಿ ಎಲ್ಮರ್ ರಿಗ್ಸ್ ಎಂಬವರು ಇವೆರಡೂ ಒಂದೇ ಎಂದರು. 2015ರಲ್ಲಿ ಬಂದ ಅಧ್ಯಯನವೊಂದು ಮತ್ತೆ, ಇಲ್ಲ, ಬೇರೆಯೇ ಎಂದಿದೆ. ಆ ಬ್ರಾಂಟೊಸಾರಸ್‌ಗೆ ತಲೆ ಸಿಕ್ಕಿರಲಿಲ್ಲ. ಮಾರ್ಷ್ ಬೇರೆ ಪ್ರಾಣಿಯ ತಲೆಯನ್ನು ಅದಕ್ಕೆ ಬರೆದು ತೋರಿಸಿದರು. ಯೇಲ್ ಸಂಗ್ರಹಾಲಯದಲ್ಲಿ ನಿಲ್ಲಿಸಿದ ಅಸ್ಥಿಪಂಜರದ ತಪ್ಪು ತಲೆಯನ್ನು ಬದಲಿಸಿದ್ದು 1981ರಲ್ಲಿ. ಕೋಪ್ ತಲೆಯನ್ನು ಬಾಲಕ್ಕೆ ಇಟ್ಟರೆಂದು ನಕ್ಕ ಮಾರ್ಷ್ ತಾವೂ ತಲೆಯ ವಿಷಯದಲ್ಲೇ ತಪ್ಪಿದರು.

ಇಲ್ಲಿ ನಮ್ಮ ದೇಶ ಒಂದು ಸಲ ಕತೆಯೊಳಗೆ ಬರುತ್ತದೆ. ಲೇಕ್ಸ್ ಮಾಸ್ತರರ ಎಲುಬಿಗೆ ಮಾರ್ಷ್ ಮೊದಲು ಇಟ್ಟ ಹೆಸರು ಟೈಟನೊಸಾರಸ್. ಆದರೆ ಅದೇ 1877ರಲ್ಲಿ, ಅದಕ್ಕೂ ಮೊದಲೇ, ಕೊಲ್ಕತ್ತದಲ್ಲಿದ್ದ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ರಿಚರ್ಡ್ ಲಿಡೆಕ್ಕರ್ ಆ ಹೆಸರನ್ನು ಜಬಲ್ಪುರದ ಎಲುಬಿಗೆ ಕೊಟ್ಟುಬಿಟ್ಟಿದ್ದರು. ಅದನ್ನು 1828ರಲ್ಲಿ ಕಂಡಿದ್ದವರು ಕ್ಯಾಪ್ಟನ್ ಸ್ಲೀಮನ್, ಠಗ್ಗರನ್ನು ಹಿಡಿದ ಅದೇ ಸ್ಲೀಮನ್. ಮೊದಲು ಯಾರು ಅಚ್ಚು ಹಾಕಿಸುತ್ತಾರೋ ಅವರದೇ ಹೆಸರು ಎಂಬುದು ನಿಯಮ. ವರ್ಷದ ಕೊನೆಗೆ ಮಾರ್ಷ್ ತಮ್ಮ ಪ್ರಾಣಿಯ ಹೆಸರನ್ನು ಅಟ್ಲಾಂಟೊಸಾರಸ್ ಎಂದು ಬದಲಿಸಬೇಕಾಯಿತು. ಕೋಪ್‌ನನ್ನು ಹಿಂದೆ ಹಾಕಲು ಓಡಿದ ಮನುಷ್ಯ, ತಾನು ನೋಡೇ ಇರದ ಜಬಲ್ಪುರದ ಎಲುಬಿಗೆ ಸೋತ.

ಜಗಳ ಹೇಗೆ ಮುಗಿಯಿತು? ಕೋಮೊ ಬ್ಲಫ್‌ನಲ್ಲಿ ತಮಗೆ ಬೇಡವಾದ, ಉಳಿದ ಎಲುಬುಗಳು ಇನ್ನೊಬ್ಬರಿಗೆ ಸಿಗಬಾರದೆಂದು ಒಡೆದು ಹಾಕಿದರು. ಕೋಟಿಗಟ್ಟಲೆ ವರ್ಷ ಮಳೆ, ಬಿಸಿಲು, ಭೂಕಂಪ ತಡೆದುಕೊಂಡದ್ದನ್ನು ಒಂದು ಹೊಟ್ಟೆಕಿಚ್ಚು ಮುರಿಯಿತು. ಕೋಪ್ ಬೆಳ್ಳಿ ಗಣಿಗಳಿಗೆ ಹಣ ಹಾಕಿ ಕಳೆದುಕೊಂಡರು. 1890ರ ಜನವರಿಯಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯಲ್ಲಿ ಇಬ್ಬರ ಬೈದಾಟ ಊರಿಗೆಲ್ಲ ಗೊತ್ತಾಯಿತು. 1892ರಲ್ಲಿ ಸರ್ಕಾರ ಅನುದಾನ ಕಡಿತ ಮಾಡಿತು, ಮಾರ್ಷ್ ಸರ್ಕಾರಿ ಹುದ್ದೆ ಬಿಡಬೇಕಾಯಿತು. ಕೋಪ್ ಹೊಟ್ಟೆಪಾಡಿಗೆ ತಮ್ಮ ಸಂಗ್ರಹವನ್ನು ಮಾರಿ, 1897ರಲ್ಲಿ ತೀರಿಕೊಂಡರು. ಮಾರ್ಷ್ 1899ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿ ಉಳಿದದ್ದು 186 ಡಾಲರ್. ಆ ತಲೆಯ ತಪ್ಪು ತೋರಿಸಿದ ಲೀಡಿ ಎಂಬ ಹಿರಿಯರು ಈ ಗದ್ದಲ ಬೇಡವೆಂದು ಆ ಕೆಲಸದಿಂದಲೇ ಹಿಂದೆ ಸರಿದಿದ್ದರು. ನನ್ನ ದೃಷ್ಟಿಯಲ್ಲಿ ಅದೂ ದೊಡ್ಡ ನಷ್ಟವೇ.

ಸ್ಪರ್ಧೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸ್ಪರ್ಧೆ ಇಲ್ಲದಿದ್ದರೆ ಅಷ್ಟು ಎಲುಬುಗಳು ಅಷ್ಟು ಬೇಗ ಬೆಳಕಿಗೆ ಬರುತ್ತಿರಲಿಲ್ಲ. ಕೆಟ್ಟದ್ದು ಬಚ್ಚಿಡುವುದು. ಜಾಗ ಬಚ್ಚಿಟ್ಟರು, ಹೆಸರು ಬಚ್ಚಿಟ್ಟರು, ತಪ್ಪು ಬಚ್ಚಿಟ್ಟರು, ಬಚ್ಚಿಡಲು ಆಗದ್ದನ್ನು ಒಡೆದರು.

ಬಚ್ಚಿಡದೆಯೂ ಇರಬಹುದು ಎಂಬುದಕ್ಕೆ ಹತ್ತಿರದ ಒಂದು ಉದಾಹರಣೆ ಇದೆ. ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಯಲ್ಲಿ ಡಿಕಿನ್‌ಸೋನಿಯಾ ಎಂಬ ಅತಿ ಪ್ರಾಚೀನ ಜೀವಿಯ ಗುರುತು ಸಿಕ್ಕಿದೆ ಎಂದು 2021ರಲ್ಲಿ ವಿಜ್ಞಾನಿಗಳ ಒಂದು ತಂಡ ಪ್ರಕಟಿಸಿತು. ಪತ್ರಿಕೆಗಳಲ್ಲೆಲ್ಲ ಬಂತು. 2023ರಲ್ಲಿ ಇನ್ನೊಂದು ತಂಡ ಅಲ್ಲಿಗೇ ಹೋಗಿ ನೋಡಿ, ಇದು ಪಳೆಯುಳಿಕೆಯಲ್ಲ, ಜೇನುಗೂಡು ಉದುರಿಹೋದ ಮೇಲೆ ಗೋಡೆಯ ಮೇಲೆ ಉಳಿದ ಗುರುತು ಎಂದು ತೋರಿಸಿತು. ಮೊದಲ ತಂಡದ ಮುಖ್ಯಸ್ಥ ಗ್ರೆಗರಿ ರೆಟಾಲಾಕ್, ಹೌದು, ನಾವು ತಪ್ಪಿದೆವು ಎಂದು ಒಪ್ಪಿಕೊಂಡರು. ಅಷ್ಟೇ. ಯಾರೂ ಪ್ರತಿಗಳನ್ನು ಕೊಂಡು ಸುಡಲಿಲ್ಲ.

ನನ್ನ ಕೆಲಸದಲ್ಲೂ ಇದೇ. ಕಂಪ್ಯೂಟರ್ ಪ್ರೋಗ್ರಾಮಿನ ಯಾವ ಸಾಲನ್ನು ಯಾರು, ಯಾವ ದಿನ, ಯಾಕೆ ಬರೆದರು ಎಂಬ ದಾಖಲೆ ಉಳಿಯುತ್ತದೆ. ನಾನು ಮಾಡಿದ ತಪ್ಪು ನನ್ನ ಹೆಸರಿನ ಮುಂದೆಯೇ ಕಾಣುತ್ತದೆ. ಮೊದಮೊದಲು ಅದು ನನಗೆ ಭಯ ಹುಟ್ಟಿಸುತ್ತಿತ್ತು. ಆಮೇಲೆ ತಿಳಿಯಿತು, ಹೆಸರು ಇರುವುದರಿಂದಲೇ ಬೇಗ ಸರಿಯಾಗುತ್ತದೆ ಎಂದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಲೆಕ್ಕ ಹೇಳದಿದ್ದರೆ ನಾನು ಸುಳ್ಳುಗಾರ ಆಗುತ್ತೇನೆ.

ಎಂಟನೆಯ ತರಗತಿಯಿಂದ ಈ ಶಾಲೆಯಲ್ಲಿ ಮೊದಲ ನಂಬರಿಗೆ ನಾನು ಮತ್ತು ನನ್ನ ಗೆಳೆಯನೊಬ್ಬ ಹೊಡೆದಾಡುತ್ತಿದ್ದೆವು. ಒಂದು ಪರೀಕ್ಷೆಯಲ್ಲಿ ಅವನು, ಇನ್ನೊಂದರಲ್ಲಿ ನಾನು. ಅವನ ಹೆಸರು ಹೇಳುವುದಿಲ್ಲ, ಹೇಳಬೇಡ ಎಂದಿದ್ದಾನೆ. ಗೊತ್ತಿದ್ದವರು ಹಿಂದೆ ತಿರುಗಿ ನೋಡುವುದೂ ಬೇಡ! ಹತ್ತನೆಯ ತರಗತಿಯಲ್ಲಿ ನಮ್ಮ ಗಣಿತದ ಗುರುಗಳು ಹಳೆಯ ಪ್ರಶ್ನೆಪತ್ರಿಕೆಗಳ ಲೆಕ್ಕಗಳನ್ನೆಲ್ಲ ತಮ್ಮ ಕೈಯಿಂದ ಬಿಡಿಸಿದ 200 ಪುಟದ ಒಂದು ನೋಟುಬುಕ್ಕನ್ನು ನಮ್ಮಿಬ್ಬರ ಕೈಗೆ ಕೊಟ್ಟು, ಒಂದು ವಾರ ನೀನು, ಒಂದು ವಾರ ಅವನು ಇಟ್ಟುಕೊಳ್ಳಿ ಎಂದರು. ಆಗ ಇಲ್ಲಿ ಜೆರಾಕ್ಸ್ ಮಾಡಿಸಬೇಕೆಂದರೆ ಬಸ್ಸು ಹತ್ತಬೇಕಿತ್ತು.

ಎರಡು ತಿಂಗಳು ಹಾಗೇ ನಡೆಯಿತು. ಪರೀಕ್ಷೆಗೆ ಐದು ವಾರ ಇದ್ದಾಗ, ನನ್ನ ಸರದಿಯಲ್ಲಿ, ನೋಟುಬುಕ್ಕು ಕಳೆಯಿತು ಎಂದು ಹೇಳಿದೆ. ಹೊಲದಿಂದ ಬರುವಾಗ ಎಲ್ಲೋ ಬಿತ್ತು ಎಂದೆ. ಅದು ನಮ್ಮ ಮನೆಯ ಜೋಳದ ಕಣಜದಲ್ಲಿತ್ತು. ಅವನು ಬೈಯಲಿಲ್ಲ. ಎರಡು ಸಂಜೆ ನನ್ನ ಜೊತೆ ಹೊಲದ ದಾರಿಯಲ್ಲಿ, ತೊಗರಿಕಟ್ಟಿಗೆಯ ಸಾಲುಗಳಲ್ಲಿ ಹುಡುಕುತ್ತ ನಡೆದ. ನಾನೂ ಹುಡುಕುವವನಂತೆ ನಡೆದೆ. ಆ ಎರಡು ಸಂಜೆಗಳನ್ನು ನಾನು ಮರೆತಿಲ್ಲ.

ಫಲಿತಾಂಶ ಬಂದಾಗ ನಾನು ಶಾಲೆಗೆ ಮೊದಲಿಗ. ಅವನು ಎರಡನೆಯವನು, 11 ಅಂಕ ಕಡಿಮೆ. ನಾನು ಭಾಲ್ಕಿಗೆ ಹೋದೆ. ಅವನು ಐಟಿಐ ಸೇರಿದ, ಆಮೇಲೆ ಬೋರ್‌ವೆಲ್ ಗಾಡಿಯಲ್ಲಿ ಸಹಾಯಕನಾಗಿ ಊರೂರು ತಿರುಗಿದ. ಆ ನೋಟುಬುಕ್ಕಿನಿಂದಲೇ ಅವನ ದಾರಿ ಬದಲಾಯಿತು ಎಂದು ಹೇಳಲಾರೆ. ಅವನ ಮನೆಯ ಕಷ್ಟಗಳು ಬೇರೆ ಇದ್ದವು. ಆದರೆ ಬದಲಾಗಲಿಲ್ಲ ಎಂದೂ ಹೇಳಲಾರೆ. ಈ ಎರಡು ಮಾತಿನ ನಡುವೆ ನಾನು ಇಷ್ಟು ವರ್ಷ ಬದುಕಿದ್ದೇನೆ.

ಮಾರಿಸನ್ ಗುಡ್ಡದ ಮೇಲೆ ಆ ಇಬ್ಬರು ಗೆಳೆಯರ ಕತೆ ಕೇಳಿದಾಗ, ಹ್ಯಾಡನ್‌ಫೀಲ್ಡ್ ಗಣಿಯ ಮಾತು ಬಂದಾಗ, ನನಗೆ ಮಾರ್ಷ್ ಕಾಣಲಿಲ್ಲ. ಜೋಳದ ಕಣಜ ಕಂಡಿತು.

ಕಳೆದ ಯುಗಾದಿಗೆ ಊರಿಗೆ ಬಂದಾಗ ಅವನನ್ನು ಹುಡುಕಿಕೊಂಡು ಹೋದೆ. ಈಗ ಒಂದು ಬೋರ್‌ವೆಲ್ ಗಾಡಿಯಲ್ಲಿ ಅವನದೂ ಪಾಲಿದೆ. ಒಂದು ಹೊಲದಲ್ಲಿ ರಾತ್ರಿ ಕೆಲಸ ನಡೆದಿತ್ತು. ಮೈಯೆಲ್ಲ ಬೂದಿಯಂಥ ಧೂಳು. ನನ್ನನ್ನು ನೋಡಿ ನಕ್ಕು, ಬಾ ಎಂದು ಕರೆದು ಸಾಲಾಗಿ ಗುಡ್ಡೆ ಹಾಕಿದ್ದ ಕಲ್ಲಿನ ಪುಡಿಯನ್ನು ತೋರಿಸತೊಡಗಿದ. "ಮೊದಲ ಎರೆಮಣ್ಣು. ಆಮ್ಯಾಲ ಮೆತ್ತನ್ನ ಮೊರಮು. ಆಮ್ಯಾಲ ಕರಿ ಕಲ್ಲು. ಈಗ ನೋಡು, ಕೆಂಪಗ ಬಂತಲ್ಲ, ಇದರ ಕೆಳಗ ಮತ್ತ ಕರಿ ಕಲ್ಲು ಶುರು ಆಗ್ತದ." ನಾನು ಓದಿದ್ದು ಅವನ ಅಂಗೈಯಲ್ಲಿತ್ತು.

ಅದನ್ನು ನಿಮಗೂ ಬಿಡಿಸಿ ಹೇಳುತ್ತೇನೆ. ನಮ್ಮ ಕಾಲ ಕೆಳಗಿರುವುದು ದಖ್ಖನದ ಲಾವಾ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ, ನೆಲದ ಬಿರುಕುಗಳಿಂದ ಕಾದ ಲಾವಾ ಉಕ್ಕಿ ಹರಿಯಿತು. ಒಂದೇ ಸಲ ಅಲ್ಲ, ಪದರದ ಮೇಲೆ ಪದರ. ಒಂದು ಪದರ ತಣ್ಣಗಾಗಿ, ಮಳೆ ಗಾಳಿಗೆ ಸವೆದು ಮೇಲೆ ಮಣ್ಣಾಗುತ್ತಿತ್ತು. ಅದರ ಮೇಲೆ ಮತ್ತೆ ಲಾವಾ ಹರಿಯುತ್ತಿತ್ತು. ಆ ಸುಟ್ಟ ಮಣ್ಣೇ ನಡುವೆ ಸಿಗುವ ಕೆಂಪು ಪಟ್ಟಿ. ಕಲ್ಲಿನ ಗುಳ್ಳೆಗಳಲ್ಲಿ ಬೆಳೆದ ಬಿಳಿ ಹರಳುಗಳನ್ನು ನೀವೆಲ್ಲ ಹಳ್ಳದಲ್ಲಿ ಆರಿಸಿದ್ದೀರಿ. ಬೀದರ್ ಕೋಟೆ ಕಟ್ಟಿದ ಕೆಂಪು ಜಂಬಿಟ್ಟಿಗೆ ಕಲ್ಲೂ ಇದೇ ಲಾವಾ ಕಲ್ಲು ಬಹುಕಾಲ ಕೊಳೆತು ಆದದ್ದು.

ಲಾವಾದಲ್ಲಿ ಡೈನೋಸಾರ್ ಹುಡುಕಬೇಡಿ, ಸಿಗುವುದಿಲ್ಲ. ಆದರೆ ಎರಡು ಲಾವಾ ಪದರಗಳ ನಡುವೆ ಅಲ್ಲಲ್ಲಿ ಕೆರೆಗಳಿದ್ದವು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಹತ್ತಿರ ಅಂಥ ಕೆರೆಯ ಕೆಸರು ಕಲ್ಲಾಗಿ, ಅದರಲ್ಲಿ ಬಸವನಹುಳುಗಳ ಚಿಪ್ಪುಗಳು ಪಳೆಯುಳಿಕೆಯಾಗಿ ಉಳಿದಿವೆ. ಲಾವಾಕ್ಕಿಂತ ಬಹಳ ಈಚಿನ ಕಾಲದ್ದೂ ಇವೆ. ನಮ್ಮದೇ ಮಾಂಜರಾ ನದಿಯ ದಂಡೆಯ ಹಳೆಯ ಮರಳು ಜಲ್ಲಿಯಲ್ಲಿ, ಲಾತೂರು ಸೀಮೆಯಲ್ಲಿ, ಆನೆ ಜಾತಿಯ ಪ್ರಾಣಿಗಳ, ಕಾಡು ದನಗಳ ಎಲುಬುಗಳನ್ನು ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು ಗುರುತಿಸಿದ್ದಾರೆ. ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಘೇಂಡಾಮೃಗದ ಎಲುಬುಗಳು ಸಿಕ್ಕಿದ್ದವು. ಅದನ್ನು ಅವರು 1874ರಲ್ಲಿ ಪ್ರಕಟಿಸಿ, ದಖ್ಖನದ ಘೇಂಡಾಮೃಗ ಎಂಬರ್ಥದ ಹೆಸರಿಟ್ಟರು. ಅಮೆರಿಕದಲ್ಲಿ ಎಲುಬಿಗಾಗಿ ಕಿತ್ತಾಡುತ್ತಿದ್ದ ಅದೇ ಕಾಲದಲ್ಲಿ ನಮ್ಮ ಗೋಕಾಕದ ಸೀಮೆಯಲ್ಲಿ ಒಬ್ಬ ಮನುಷ್ಯ ಸದ್ದಿಲ್ಲದೆ ಎಲುಬು ಆಯುತ್ತಿದ್ದ.

ಆ ರಾತ್ರಿ ಯಂತ್ರ ನಿಲ್ಲಿಸಿ ಚಹಾ ಕುಡಿಯುವಾಗ ನಾನು ಗೆಳೆಯನಿಗೆ ನೋಟುಬುಕ್ಕಿನ ವಿಷಯ ಹೇಳಿದೆ. ಅವನು ಕಪ್ಪು ಕೆಳಗಿಟ್ಟು ಹೇಳಿದ, "ನಂಗ ಗೊತ್ತದ. ಪರೀಕ್ಷಾ ಮುಗಿದ ಮ್ಯಾಲ ನಿಮ್ಮ ಮನಿಗಿ ಬಂದಿದ್ದೆ. ನಿಮ್ಮವ್ವ ಕಣಜದಾಗಿಂದ ಜ್ವಾಳ ತೆಗೆಯೋವಾಗ ಅದು ಹೊರಗ ಬಿತ್ತು."

"ಮತ್ತ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀ ನನ್ನ ಮಾರಿ ನೋಡ್ತಿದ್ದಿಲ್ಲ. ನೋಟಬುಕ್ ಅಂತೂ ಹೋಗಿತ್ತು, ನೀನೂ ಹೋಗ್ತಿದ್ದಿ."

ನಾನು ಏನೂ ಹೇಳಲಿಲ್ಲ. ಅವನು ಎದ್ದು ಯಂತ್ರ ಚಾಲೂ ಮಾಡಿದ.

ಆ ನೋಟುಬುಕ್ಕನ್ನು ಇವತ್ತು ತಂದಿದ್ದೇನೆ. ಗುರುಗಳು ಮುಂದಿನ ಸಾಲಿನಲ್ಲಿದ್ದಾರೆ. ಗುರುಗಳೇ, ಇದು ಕಳೆದಿರಲಿಲ್ಲ. ನಿಮಗೂ ಸುಳ್ಳು ಹೇಳಿದ್ದೆ. ಕ್ಷಮಿಸಿ. ಇದನ್ನು ನಿಮ್ಮ ಕೈಯಿಂದಲೇ ಶಾಲೆಯ ಗ್ರಂಥಾಲಯಕ್ಕೆ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇದರ ಜೊತೆ ಒಂದು ಕಟ್ಟಿಗೆಯ ಪೆಟ್ಟಿಗೆಯೂ ಇದೆ. ಅದು ನನ್ನ ಗೆಳೆಯನ ಕಾಣಿಕೆ. ಅವನು ಈ ಸೀಮೆಯಲ್ಲಿ ಕೊರೆದ ಬೋರ್‌ವೆಲ್‌ಗಳ ಕಲ್ಲಿನ ಪುಡಿ, ಚೂರು, ಕೆಂಪು ಮಣ್ಣು, ಹರಳು ಎಲ್ಲವೂ ಸಣ್ಣ ಚೀಲಗಳಲ್ಲಿವೆ. ಪ್ರತಿ ಚೀಲದ ಮೇಲೆ ಊರು, ಎಷ್ಟು ಫೂಟು ಆಳ, ಯಾವ ದಿನಾಂಕ ಎಂದು ಬರೆದಿದೆ. ಚೀಟಿ ಬರೆದದ್ದು ನಾನು, ಕಲ್ಲು ತೆಗೆದದ್ದು ಅವನು. ಎರಡು ಹೆಸರೂ ಇವೆ. ಅವನ ಹೆಸರು ಮೊದಲು. ಸಭೆಯಲ್ಲಿ ಬೇಡ ಎಂದವನು ಚೀಟಿಯ ಮೇಲೆ ಮಾತ್ರ ಇರಲಿ ಎಂದು ಒಪ್ಪಿದ್ದಾನೆ.

ಮಕ್ಕಳೇ, ಈ ಪೆಟ್ಟಿಗೆಯನ್ನು ನೀವು ಬೆಳೆಸಬೇಕು. ಹಳ್ಳದಲ್ಲಿ, ಬಾವಿ ತೋಡುವಲ್ಲಿ, ರಸ್ತೆ ಕಡಿಯುವಲ್ಲಿ ವಿಚಿತ್ರ ಕಲ್ಲು ಕಂಡರೆ ತನ್ನಿ. ಜೊತೆಗೆ ಎಲ್ಲಿ, ಯಾವತ್ತು, ಯಾರಿಗೆ ಸಿಕ್ಕಿತು ಎಂದು ಬರೆಯಿರಿ. ಇಬ್ಬರು ಕಂಡಿದ್ದರೆ ಇಬ್ಬರ ಹೆಸರೂ ಬರೆಯಿರಿ. ಜಾಗದ ಹೆಸರಿಲ್ಲದ ಕಲ್ಲು ಬರೀ ಕಲ್ಲು. ಒಂದು ವೇಳೆ ಎಲುಬಿನಂಥದ್ದು, ಚಿಪ್ಪಿನಂಥದ್ದು ಕಂಡರೆ ಕೀಳಬೇಡಿ, ಒಡೆಯಬೇಡಿ. ಫೋಟೊ ತೆಗೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ಹೇಳಿ. ಅವರು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಗೆ ಪತ್ರ ಬರೆಯಬಹುದು. ಅದರ ಕಚೇರಿಗಳು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಇವೆ. ದೊಡ್ಡ ದೊಡ್ಡ ಶೋಧಗಳು ಒಬ್ಬ ಮಾಸ್ತರರ ಪತ್ರದಿಂದಲೇ ಶುರುವಾದವು ಎಂಬುದನ್ನು ನೆನಪಿಡಿ. ಆರ್ಥರ್ ಲೇಕ್ಸ್ ಮಾಸ್ತರರು ಮುಂದೆ ಗೋಲ್ಡನ್ನಿನ ಗಣಿ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಆ ಕಾಲೇಜಿನ ಗ್ರಂಥಾಲಯಕ್ಕೆ ಇಂದಿಗೂ ಅವರದೇ ಹೆಸರು.

ಮೊದಲ ನಂಬರಿಗೆ ಹೊಡೆದಾಡಿ, ಬೇಡ ಎನ್ನುವುದಿಲ್ಲ. ಆದರೆ ನೋಟುಬುಕ್ಕನ್ನು ನಡುವೆ ಇಟ್ಟುಕೊಂಡು ಹೊಡೆದಾಡಿ.

ನನ್ನನ್ನು ಓದಿಸಿದ ಈ ಶಾಲೆಗೆ, ನನ್ನ ಗುರುಗಳಿಗೆ, ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕುಳಿತಿರುವ ನನ್ನ ಗೆಳೆಯನಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.